ಎರಡು ಸಹಿಯ ಅನುದಾನ

ಮನೋರೋಗದಿಂದ ನರಳುವವರು ಸಣ್ಣಪುಟ್ಟ ಪ್ರಕರಣಗಳಲ್ಲಿ ಪೊಲೀಸರ ಕೈಗೆ, ಅಲ್ಲಿಂದ ಜೈಲಿಗೆ ಹೋಗಿ ಬೀಳುವುದನ್ನು ತಡೆಯಲೆಂದು ಅಮೆರಿಕದ ಕೇಂದ್ರ ಸರ್ಕಾರ 2006ರಿಂದ ಒಂದು ಅನುದಾನ ಕೊಡುತ್ತ ಬಂದಿದೆ. ಅದರ ಹೆಸರು 'ಜಸ್ಟಿಸ್ ಅಂಡ್ ಮೆಂಟಲ್ ಹೆಲ್ತ್ ಕೊಲ್ಯಾಬರೇಷನ್ ಪ್ರೋಗ್ರಾಂ', ಅಂದರೆ ನ್ಯಾಯ ಮತ್ತು ಮಾನಸಿಕ ಆರೋಗ್ಯ ಸಹಯೋಗ ಕಾರ್ಯಕ್ರಮ. ಅಲ್ಲಿನ ನ್ಯಾಯ ಇಲಾಖೆಯ ಅಂಗವಾದ 'ಬ್ಯೂರೋ ಆಫ್ ಜಸ್ಟಿಸ್ ಅಸಿಸ್ಟೆನ್ಸ್' ಎಂಬ ಕಚೇರಿ ಹಣ ಹಂಚುತ್ತದೆ. ಪೊಲೀಸ್ ಇಲಾಖೆ ತಾನೊಂದೇ ಅರ್ಜಿ ಹಾಕಿದರೆ ಈ ಹಣ ಸಿಗುವುದಿಲ್ಲ. ಮಾನಸಿಕ ಆರೋಗ್ಯ ಇಲಾಖೆ ತಾನೊಂದೇ ಹಾಕಿದರೂ ಸಿಗುವುದಿಲ್ಲ. ಎರಡೂ ಕೂಡಿ, ಒಂದೇ ಅರ್ಜಿಗೆ ಸಹಿ ಹಾಕಿ, ಯಾರು ಏನು ಮಾಡುತ್ತೇವೆಂದು ಬರೆದುಕೊಟ್ಟರೆ ಮಾತ್ರ ಅದು ಪರಿಶೀಲನೆಗೆ ಬರುತ್ತದೆ. ಯೋಜನೆಯ ಜೀವಾಳ ಇರುವುದು ಈ ಷರತ್ತಿನಲ್ಲಿ.

ಇಂಥ ಷರತ್ತು ಯಾಕೆ ಬೇಕಾಯಿತು ಎಂಬುದಕ್ಕೆ ಅರ್ಧ ಶತಮಾನದ ಹಿನ್ನೆಲೆಯಿದೆ. 1955ರಲ್ಲಿ ಅಮೆರಿಕದ ರಾಜ್ಯ ಸರ್ಕಾರಗಳ ಮನೋರೋಗ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಒಳರೋಗಿಗಳಿದ್ದರು. ಎಷ್ಟೋ ಮಂದಿ ಹತ್ತಾರು ವರ್ಷ ಅಲ್ಲೇ ಕಳೆದು ಅಲ್ಲೇ ಸತ್ತವರು. ಆ ಹೊತ್ತಿಗೆ ಕ್ಲೋರ್‌ಪ್ರೊಮಜೀನ್‌ನಂಥ ಔಷಧಗಳು ಬಂದವು, ಆಸ್ಪತ್ರೆಗಳೊಳಗಿನ ಅಮಾನುಷ ಸ್ಥಿತಿ ಪತ್ರಿಕೆಗಳಲ್ಲಿ ಬಯಲಾಯಿತು. ರೋಗಿಗಳನ್ನು ಊರೊಳಗೇ ಇಟ್ಟು ನೋಡಿಕೊಳ್ಳಬಹುದೆಂಬ ನಂಬಿಕೆ ಬೆಳೆಯಿತು. 1963ರ ಅಕ್ಟೋಬರ್ 31ರಂದು ಅಧ್ಯಕ್ಷ ಜಾನ್ ಎಫ್. ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಾಯ್ದೆಗೆ ಸಹಿ ಹಾಕಿದರು. ಮೂರು ವಾರಗಳಲ್ಲಿ ಅವರ ಹತ್ಯೆಯಾಯಿತು. ದೊಡ್ಡ ಆಸ್ಪತ್ರೆಗಳ ಜಾಗದಲ್ಲಿ ದೇಶದುದ್ದಕ್ಕೂ ಸಣ್ಣ ಕೇಂದ್ರಗಳು ಏಳಬೇಕೆಂಬುದು ಕಾಯ್ದೆಯ ಆಶಯ. ಆಸ್ಪತ್ರೆಗಳೇನೋ ಬೇಗ ಖಾಲಿಯಾದವು, ಯೋಚಿಸಿದ್ದ ಕೇಂದ್ರಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಎದ್ದುನಿಂತವು. 1965ರಲ್ಲಿ ಬಡವರಿಗಾಗಿ ಬಂದ ಮೆಡಿಕೇಡ್ ವಿಮೆಯೂ ದೊಡ್ಡ ಮನೋರೋಗ ಆಸ್ಪತ್ರೆಗಳಲ್ಲಿರುವ ವಯಸ್ಕರ ಖರ್ಚನ್ನು ಭರಿಸುವುದಿಲ್ಲವೆಂದಿತು. ಹೀಗಾಗಿ ರೋಗಿಗಳನ್ನು ಹೊರಗೆ ಕಳಿಸುವುದೇ ರಾಜ್ಯಗಳ ಖಜಾನೆಗೆ ಲಾಭವೆನಿಸಿತು. 1980ರಲ್ಲಿ ಜಿಮ್ಮಿ ಕಾರ್ಟರ್ ಈ ಕೊರತೆ ತುಂಬಲೆಂದು ತಂದ ಮಾನಸಿಕ ಆರೋಗ್ಯ ವ್ಯವಸ್ಥೆಗಳ ಕಾಯ್ದೆಯ ಬಹುಭಾಗವನ್ನು ಮರುವರ್ಷವೇ ರೊನಾಲ್ಡ್ ರೇಗನ್ ಆಡಳಿತ ಕಿತ್ತುಹಾಕಿತು. ಉಳಿದ ಹಣವನ್ನು ಕಡಿತ ಮಾಡಿ, ಒಟ್ಟು ಗಂಟಾಗಿ ರಾಜ್ಯಗಳ ಕೈಗಿಟ್ಟಿತು.

ಆಸ್ಪತ್ರೆಯಿಂದ ಹೊರಬಂದವರೆಲ್ಲ ನೇರವಾಗಿ ಜೈಲು ಸೇರಿದರೆಂದು ಕೆಲವರು ಬರೆಯುತ್ತಾರೆ. ಅದು ಪೂರ್ತಿ ನಿಜವಲ್ಲ. ಎಂಬತ್ತರ ದಶಕದಿಂದೀಚೆಗೆ ಮಾದಕವಸ್ತು ಕಾನೂನುಗಳು ಬಿಗಿಯಾದವು, ಅಗ್ಗದ ಬಾಡಿಗೆ ಕೋಣೆಗಳು ನಗರಗಳಿಂದ ಮಾಯವಾದವು, ಮನೆಯಿಲ್ಲದವರ ಸಂಖ್ಯೆ ಏರಿತು, ಜೈಲುಗಳು ಎಲ್ಲರಿಂದಲೂ ತುಂಬಿದವು. ಬಡತನ, ಕುಡಿತ, ಕಾಯಿಲೆ ಮೂರೂ ಒಟ್ಟಿಗಿದ್ದವರು ಅದರಲ್ಲಿ ಮೊದಲು ಸಿಕ್ಕಿಬಿದ್ದರು. ಅಂಗಡಿ ಮುಂದೆ ಮಲಗಿದ್ದು, ಬಸ್ಸಿನಲ್ಲಿ ಕೂಗಾಡಿದ್ದು, ಒಂದು ಪೊಟ್ಟಣ ಬ್ರೆಡ್ಡು ಕದ್ದದ್ದು, ಹಳೆಯ ವಾಯಿದೆಗೆ ಕೋರ್ಟಿಗೆ ಬಾರದೆ ಹೋದದ್ದು, ಇಂಥವೇ ಹೆಚ್ಚಿನ ಬಂಧನಗಳ ಕಾರಣ.

ಅಮೆರಿಕದ ವ್ಯವಸ್ಥೆಯಲ್ಲಿ ಜೈಲು ಬೇರೆ, ರಾಜ್ಯದ ಕಾರಾಗೃಹ ಬೇರೆ. ನಮ್ಮ ಜಿಲ್ಲೆಗೆ ಸಮೀಪದ ಘಟಕ ಅಲ್ಲಿನ ಕೌಂಟಿ. ವಿಚಾರಣೆ ಮುಗಿಯದವರು ಮತ್ತು ಒಂದು ವರ್ಷದೊಳಗಿನ ಶಿಕ್ಷೆಯಾದವರು ಕೌಂಟಿಯ ಜೈಲಿನಲ್ಲಿರುತ್ತಾರೆ. ಅದನ್ನು ನಡೆಸುವವನು ಬಹುತೇಕ ಕಡೆ ಜನರಿಂದ ಆಯ್ಕೆಯಾದ ಶೆರಿಫ್. ದೀರ್ಘ ಶಿಕ್ಷೆಯಾದವರು ರಾಜ್ಯದ ಕಾರಾಗೃಹಕ್ಕೆ ಹೋಗುತ್ತಾರೆ. ನ್ಯಾಯ ಇಲಾಖೆಯ ಅಂಕಿಸಂಖ್ಯೆ ವಿಭಾಗ 2011-12ರಲ್ಲಿ ನಡೆಸಿದ ಸಮೀಕ್ಷೆಯಂತೆ, ಹಿಂದಿನ ಒಂದು ತಿಂಗಳಲ್ಲಿ ತೀವ್ರ ಮಾನಸಿಕ ಯಾತನೆ ಅನುಭವಿಸಿದವರು ಕೌಂಟಿ ಜೈಲುಗಳಲ್ಲಿ ಶೇ 26, ಕಾರಾಗೃಹಗಳಲ್ಲಿ ಶೇ 14. ಹೊರಗಿನ ಜನರಲ್ಲಿ ಆ ಪ್ರಮಾಣ ಸುಮಾರು ಶೇ 5. ಹೆನ್ರಿ ಸ್ಟೆಡ್ಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕಟ್ಟುನಿಟ್ಟಿನ ರೋಗನಿರ್ಣಯದ ಅಳತೆ ಹಿಡಿಯಿತು. ಅದರ ಪ್ರಕಾರವೂ ಜೈಲಿಗೆ ಬರುವ ಗಂಡಸರಲ್ಲಿ ಶೇ 14.5, ಹೆಂಗಸರಲ್ಲಿ ಶೇ 31 ಮಂದಿಗೆ ಗಂಭೀರ ಮನೋರೋಗವಿತ್ತು. ಹೆಂಗಸರ ಅಂಕಿ ಎರಡು ಪಟ್ಟಿಗೂ ಹೆಚ್ಚಿರುವುದು ಕಣ್ಣಿಗೆ ಬೀಳದೆ ಹೋಗಬಾರದು. ಲಾಸ್ ಏಂಜಲೀಸ್ ಕೌಂಟಿಯ ಜೈಲು, ಷಿಕಾಗೊದ ಕುಕ್ ಕೌಂಟಿ ಜೈಲು, ನ್ಯೂಯಾರ್ಕಿನ ರೈಕರ್ಸ್ ದ್ವೀಪ ಇವು ಮೂರೂ ದೇಶದ ಅತಿ ದೊಡ್ಡ ಮನೋರೋಗ ಆಸ್ಪತ್ರೆಗಳೆಂದು ಅಧಿಕಾರಿಗಳೇ ಹೇಳುವಂತಾಯಿತು. ಕುಕ್ ಕೌಂಟಿಯ ಶೆರಿಫ್ ಟಾಮ್ ಡಾರ್ಟ್ 2015ರಲ್ಲಿ ಜೈಲಿನ ಆಡಳಿತವನ್ನೇ ಒಬ್ಬ ಮನಶ್ಶಾಸ್ತ್ರಜ್ಞೆಯ ಕೈಗೆ ಒಪ್ಪಿಸಿದರು.

ಕಾಯಿಲೆಯವರು ಜೈಲಿನಲ್ಲಿದ್ದಾರೆಂದು ಗೊತ್ತಿದ್ದೂ ಇಲಾಖೆಗಳು ಒಂದಾಗದೆ ಇದ್ದುದಕ್ಕೆ ಹಣದ ಹರಿವು ಬಹುಮಟ್ಟಿಗೆ ಕಾರಣ. ಜೈಲಿನ ಖರ್ಚು ಕೌಂಟಿಯದು. ಹೊರಗಿನ ಚಿಕಿತ್ಸೆಯ ಖರ್ಚು ರಾಜ್ಯದ್ದು ಮತ್ತು ಮೆಡಿಕೇಡ್‌ನದು. ಒಬ್ಬ ಮನುಷ್ಯ ಜೈಲು ಹೊಕ್ಕ ಕೂಡಲೇ ಮೆಡಿಕೇಡ್ ಅವನ ಚಿಕಿತ್ಸೆಗೆ ಹಣ ಕೊಡುವುದನ್ನು ನಿಲ್ಲಿಸುತ್ತದೆ. ಆದರೆ 1976ರ 'ಎಸ್ಟೆಲ್ ವಿರುದ್ಧ ಗ್ಯಾಂಬಲ್' ತೀರ್ಪಿನಂತೆ ಕೈದಿಗೆ ಚಿಕಿತ್ಸೆ ಕೊಡಿಸುವುದು ಸರ್ಕಾರದ ಸಾಂವಿಧಾನಿಕ ಹೊಣೆ, ಆದ್ದರಿಂದ ಬಿಲ್ಲು ಕೌಂಟಿಯ ತಲೆಗೆ ಬರುತ್ತದೆ. ಬಿಡುಗಡೆಯಾದ ಮೇಲೆ ವಿಮೆ ಮರಳಿ ಚಾಲೂ ಆಗಲು ವಾರಗಳೇ ಹಿಡಿದರೆ, ಆ ನಡುವೆ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದವನು ಮತ್ತೆ ಬೀದಿಯಲ್ಲಿ ಕೂಗಾಡುತ್ತಾನೆ, ಪೊಲೀಸರು ಮತ್ತೆ ಕರೆದೊಯ್ಯುತ್ತಾರೆ. ಚಿಕಿತ್ಸಾಲಯ ಹಣ ಹಾಕಿ ಒಬ್ಬನನ್ನು ಜೈಲಿನಿಂದ ದೂರವಿಟ್ಟರೆ ಉಳಿತಾಯ ಆಗುವುದು ಶೆರಿಫನ ಬಜೆಟ್ಟಿನಲ್ಲಿ. ಖರ್ಚು ಒಬ್ಬರದು, ಉಳಿತಾಯ ಇನ್ನೊಬ್ಬರದು ಎಂದಾದಾಗ ಯಾರೂ ಮೊದಲ ಹೆಜ್ಜೆ ಇಡುವುದಿಲ್ಲ. ಆ ಮೊದಲ ಹೆಜ್ಜೆಯ ಖರ್ಚನ್ನು ಮೂರನೆಯವರು, ಅಂದರೆ ಕೇಂದ್ರ ಸರ್ಕಾರ, ಕೊಡುವುದೇ ಈ ಅನುದಾನದ ಅರ್ಥ.

ಈ ಅನುದಾನದ ಕಾಯ್ದೆ ಬರುವ ಮೊದಲೇ ಕೆಲವು ಊರುಗಳು ತಮ್ಮಷ್ಟಕ್ಕೆ ದಾರಿ ಹುಡುಕಿದ್ದವು. ಟೆನೆಸ್ಸಿ ರಾಜ್ಯದ ಮೆಂಫಿಸ್‌ನಲ್ಲಿ 1987ರಲ್ಲಿ, ಚಾಕು ಹಿಡಿದು ತನ್ನನ್ನೇ ಇರಿದುಕೊಳ್ಳುತ್ತಿದ್ದ ಮನೋರೋಗಿ ಯುವಕನೊಬ್ಬ ಪೊಲೀಸರ ಗುಂಡಿಗೆ ಬಲಿಯಾದ. ಸಹಾಯಕ್ಕೆಂದು ಪೊಲೀಸರನ್ನು ಕರೆದಿದ್ದರು, ಬಂದದ್ದು ಸಾವು. ಊರು ಕುದಿಯಿತು. ಮರುವರ್ಷ ಪೊಲೀಸ್ ಇಲಾಖೆ, ರೋಗಿಗಳ ಕುಟುಂಬಗಳ ಸಂಘ, ಎರಡು ವಿಶ್ವವಿದ್ಯಾಲಯಗಳು ಕೂಡಿ 'ಕ್ರೈಸಿಸ್ ಇಂಟರ್‌ವೆನ್ಷನ್ ಟೀಮ್' ಕಟ್ಟಿದವು. ಪೊಲೀಸರ ಕಡೆಯಿಂದ ಸ್ಯಾಮ್ ಕಾಕ್ರನ್, ಮನಶ್ಶಾಸ್ತ್ರದ ಕಡೆಯಿಂದ ರ‍್ಯಾಂಡಾಲ್ಫ್ ಡುಪಾಂಟ್ ಅದರ ಮುಖ್ಯಸ್ಥರು. ಸ್ವಯಿಚ್ಛೆಯಿಂದ ಮುಂದೆ ಬಂದ ಪೊಲೀಸರಿಗೆ 40 ಗಂಟೆಗಳ ತರಬೇತಿ, ಮತ್ತು ಪೊಲೀಸರು ಕರೆತಂದ ರೋಗಿಯನ್ನು ತಕರಾರಿಲ್ಲದೆ ಬೇಗ ಒಳಗೆ ತೆಗೆದುಕೊಳ್ಳುವ ಒಂದೇ ಆಸ್ಪತ್ರೆ, ಇವೆರಡು ಅದರ ಕಂಬಗಳು. ಎರಡನೆಯದನ್ನು ಬಹಳ ಊರುಗಳು ಮರೆತು, ತರಬೇತಿಯೊಂದನ್ನೇ ನಕಲು ಮಾಡಿದವು. ತುರ್ತುಚಿಕಿತ್ಸೆಯ ಬಾಗಿಲಲ್ಲಿ ನಾಲ್ಕು ತಾಸು ಕಾಯಬೇಕಾದರೆ ಎಷ್ಟೇ ತರಬೇತಿ ಪಡೆದ ಪೊಲೀಸನೂ ಜೈಲಿನ ಕಡೆಗೇ ಗಾಡಿ ತಿರುಗಿಸುತ್ತಾನೆ.

ಫ್ಲಾರಿಡಾದ ಬ್ರೊವಾರ್ಡ್ ಕೌಂಟಿಯಲ್ಲಿ 1997ರಲ್ಲಿ ನ್ಯಾಯಾಧೀಶೆ ಜಿಂಜರ್ ಲರ್ನರ್-ರೆನ್ ಅವರ ಮುಂದೆ ದೇಶದ ಮೊದಲ ಮಾನಸಿಕ ಆರೋಗ್ಯ ನ್ಯಾಯಾಲಯ ಶುರುವಾಯಿತು. ಸಣ್ಣ ಅಪರಾಧದ ಆರೋಪಿ ಒಪ್ಪಿದರೆ ಅಲ್ಲಿ ಪ್ರಕರಣದ ಜೊತೆಗೇ ಚಿಕಿತ್ಸೆಯ ಯೋಜನೆಯೂ ತಯಾರಾಗುತ್ತದೆ. ಅವನು ಆಗಾಗ ನ್ಯಾಯಾಧೀಶರ ಮುಂದೆ ಬಂದು ಹೇಗಿದ್ದೇನೆಂದು ಹೇಳಬೇಕು. ಪಕ್ಕದ ಮಯಾಮಿಯಲ್ಲಿ ನ್ಯಾಯಾಧೀಶ ಸ್ಟೀವನ್ ಲೀಫ್‌ಮನ್ 2000ದಲ್ಲಿ ಪೊಲೀಸರು, ಪ್ರಾಸಿಕ್ಯೂಟರ್, ಆಸ್ಪತ್ರೆ, ವಸತಿ ಸಂಸ್ಥೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿದರು. ಸಾವಿರಾರು ಪೊಲೀಸರು ತರಬೇತಿ ಪಡೆದರು, ಬಂಧನಗಳು ಇಳಿದವು, ಕೌಂಟಿ ತನ್ನ ಒಂದು ಜೈಲನ್ನೇ ಮುಚ್ಚಲು ಸಾಧ್ಯವಾಯಿತು. ಇಂಥ ಪ್ರಯೋಗಗಳನ್ನೂ ನೂರಾರು ಅಧಿಕಾರಿಗಳ ಸಲಹೆಗಳನ್ನೂ ಒಟ್ಟುಮಾಡಿ 'ಕೌನ್ಸಿಲ್ ಆಫ್ ಸ್ಟೇಟ್ ಗವರ್ನಮೆಂಟ್ಸ್' 2002ರಲ್ಲಿ ದೊಡ್ಡ ವರದಿಯೊಂದನ್ನು ಹೊರತಂದಿತು.

ಎರಡು ವರ್ಷಗಳ ನಂತರ, 2004ರ ಅಕ್ಟೋಬರ್ 30ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದ, ಈ ಅನುದಾನಕ್ಕೆ ಬುನಾದಿಯಾದ ಕಾಯ್ದೆಗೆ 'ಮೆಂಟಲಿ ಇಲ್ ಅಫೆಂಡರ್ ಟ್ರೀಟ್‌ಮೆಂಟ್ ಅಂಡ್ ಕ್ರೈಮ್ ರಿಡಕ್ಷನ್ ಆ್ಯಕ್ಟ್' ಎಂದು ಹೆಸರು. ಸೆನೆಟ್‌ನಲ್ಲಿ ಅದನ್ನು ಮುಂದಿಟ್ಟವರು ರಿಪಬ್ಲಿಕನ್ ಪಕ್ಷದ ಮೈಕ್ ಡಿವೈನ್, ಡೆಮಾಕ್ರಟಿಕ್ ಪಕ್ಷದ ಪ್ಯಾಟ್ರಿಕ್ ಲೇಹಿ. ಕೆಳಮನೆಯಲ್ಲಿ ಟೆಡ್ ಸ್ಟ್ರಿಕ್‌ಲ್ಯಾಂಡ್. ಡಿವೈನ್ ಮತ್ತು ಲೇಹಿ ಇಬ್ಬರೂ ಹಿಂದೆ ಕೌಂಟಿ ಪ್ರಾಸಿಕ್ಯೂಟರ್‌ಗಳಾಗಿದ್ದವರು. ಸ್ಟ್ರಿಕ್‌ಲ್ಯಾಂಡ್ ಒಹಾಯೊದ ಲ್ಯೂಕಸ್‌ವಿಲ್ ಕಾರಾಗೃಹದಲ್ಲಿ ಮನಶ್ಶಾಸ್ತ್ರಜ್ಞರಾಗಿ ಕೆಲಸ ಮಾಡಿದ್ದವರು. ಕಟಕಟೆಯ ಎದುರು ನಿಂತು ಶಿಕ್ಷೆ ಕೇಳಿದವರೂ ಸೆಲ್ಲಿನೊಳಗೆ ಕೂತು ರೋಗಿಯ ಮಾತು ಕೇಳಿದವರೂ ಕೂಡಿ ಬರೆದ ಕಾಯ್ದೆಯಿದು. ಜಂಟಿ ಅರ್ಜಿಯ ಷರತ್ತು ಅದರೊಳಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಅರ್ಜಿ ಹಾಕಬಹುದಾದವರು ರಾಜ್ಯ, ಕೌಂಟಿ, ನಗರ ಸರ್ಕಾರಗಳು ಮತ್ತು ಮೂಲನಿವಾಸಿ ಬುಡಕಟ್ಟುಗಳ ಆಡಳಿತಗಳು. ಮೊದಲ ಹಂತದಲ್ಲಿ ಯೋಜನೆ ರೂಪಿಸಲಿಕ್ಕೆಂದೇ ಸಣ್ಣ ಅನುದಾನವುಂಟು. ಕಾಯ್ದೆ ಅದಕ್ಕೆ ಸಾಮಾನ್ಯವಾಗಿ 75 ಸಾವಿರ ಡಾಲರ್‌ಗಳ ಮಿತಿ ಹಾಕಿತ್ತು. ಇನ್ನೊಂದು ಜಾರಿ ಅನುದಾನ, ಇತ್ತೀಚಿನ ವರ್ಷಗಳಲ್ಲಿ ಮೂರು ವರ್ಷಕ್ಕೆ ಐದೂವರೆ ಲಕ್ಷ ಡಾಲರ್ ಆಸುಪಾಸು. ಯೋಜನೆಗೆಂದೇ ಹಣ ಕೊಡುವುದು ಜಾಣತನದ ಏರ್ಪಾಡು. ಯಾಕೆಂದರೆ ಶೆರಿಫನ ಕಚೇರಿಯೂ ಚಿಕಿತ್ಸಾಲಯವೂ ಒಂದೇ ಬೀದಿಯಲ್ಲಿದ್ದು, ಒಂದು ದಿನವೂ ಕೂಡಿ ಕೂತಿರದ ಊರುಗಳೇ ಹೆಚ್ಚು.

ಅರ್ಜಿಯ ಕಡತ ಬಿಡಿಸಿ ನೋಡಿದರೆ ಸಹಯೋಗ ಅನ್ನುವುದು ಎಷ್ಟು ಸಣ್ಣ ಸಣ್ಣ ಲೆಕ್ಕಗಳಿಂದ ಆಗುತ್ತದೆಂದು ತಿಳಿಯುತ್ತದೆ. ಮೊದಲಿಗೆ ಸಮಸ್ಯೆಯ ವಿವರಣೆ: ವರ್ಷಕ್ಕೆ ಎಷ್ಟು ಮಂದಿ ಜೈಲು ಹೊಕ್ಕರು, ಅವರಲ್ಲಿ ಎಷ್ಟು ಮಂದಿಗೆ ಕಾಯಿಲೆ ಇತ್ತು, ಎಷ್ಟು ದಿನ ಒಳಗಿದ್ದರು. ಬಹಳ ಕೌಂಟಿಗಳು ಇಲ್ಲಿಯೇ ಮುಗ್ಗರಿಸುತ್ತವೆ, ಏಕೆಂದರೆ ಆ ಲೆಕ್ಕ ಅವರಲ್ಲಿ ಇರುವುದೇ ಇಲ್ಲ. ಆಮೇಲೆ ಎರಡೂ ಇಲಾಖೆಗಳ ಒಪ್ಪಂದ ಪತ್ರ, ಆಮೇಲೆ ಬಜೆಟ್. ಅದರಲ್ಲಿ ದೊಡ್ಡ ಪಾಲು ಸಂಬಳ: ರೋಗಿಯ ಬೆನ್ನು ಹಿಡಿದು ಮನೆ, ಔಷಧ, ಕೋರ್ಟಿನ ದಿನಾಂಕ ನೋಡಿಕೊಳ್ಳುವ ಕೇಸ್ ಮ್ಯಾನೇಜರ್, ಜೈಲಿನಲ್ಲಿ ಕೂರುವ ಚಿಕಿತ್ಸಕಿ, ಅಂಕಿಅಂಶ ಕಲೆಹಾಕುವ ಅರೆಕಾಲಿಕ ನೌಕರ. ಕೊನೆಗೆ ಸ್ಥಳೀಯ ವಂತಿಕೆ. ಕಾಯ್ದೆಯ ಪ್ರಕಾರ ಮೊದಲೆರಡು ವರ್ಷ ಕೇಂದ್ರದ ಪಾಲು ಶೇ 80 ಮೀರುವಂತಿಲ್ಲ. ಮೂರನೆಯ ವರ್ಷ ಶೇ 60, ಅದರಾಚೆಗೆ ಉಳಿದರೆ ಶೇ 25. ವಂತಿಕೆ ರೊಕ್ಕದಲ್ಲೇ ಇರಬೇಕೆಂದಿಲ್ಲ. ತರಬೇತಿಗೆ ಕೂತ ಪೊಲೀಸ್ ಸಾರ್ಜೆಂಟನ ಗಂಟೆಗಳು, ಚಿಕಿತ್ಸಾಲಯ ಬಿಟ್ಟುಕೊಟ್ಟ ಕೋಣೆಯ ಬಾಡಿಗೆ, ಇವಕ್ಕೂ ಬೆಲೆ ಕಟ್ಟಿ ಲೆಕ್ಕಕ್ಕೆ ಹಿಡಿಯಬಹುದು. ಒಂದು ಕಟ್ಟುಪಾಡು ಮಾತ್ರ ಸಡಿಲುವುದಿಲ್ಲ: ಕೌಂಟಿ ಈಗಾಗಲೇ ಮಾಡುತ್ತಿರುವ ಖರ್ಚನ್ನು ನಿಲ್ಲಿಸಿ, ಅದರ ಜಾಗಕ್ಕೆ ಈ ಹಣ ಹಾಕಿಕೊಳ್ಳುವಂತಿಲ್ಲ.

ವರ್ಷದಿಂದ ವರ್ಷಕ್ಕೆ ಕೇಂದ್ರದ ಪಾಲು ಕರಗುತ್ತ ಹೋಗುವುದು ಬೇಕೆಂದೇ ಮಾಡಿದ ಏರ್ಪಾಡು. ಅನುದಾನ ಮುಗಿಯುವ ಹೊತ್ತಿಗೆ ಕೌಂಟಿ ತನ್ನ ಕಾಲ ಮೇಲೆ ನಿಲ್ಲಬೇಕು. ಶ್ರೀಮಂತ ಕೌಂಟಿಗೆ ಇದು ಒಳ್ಳೆಯ ಒತ್ತಾಯ. ತೆರಿಗೆ ಆದಾಯವೇ ಇಲ್ಲದ, ಇಡೀ ಕೌಂಟಿಗೆ ಒಬ್ಬ ಮನೋವೈದ್ಯನೂ ಇಲ್ಲದ ಹಳ್ಳಿಗಾಡಿಗೆ ಇದೇ ನಿಯಮ ಅರ್ಜಿಯನ್ನೇ ಹಾಕದಂತೆ ತಡೆಯುತ್ತದೆ. ಒಳ್ಳೆಯ ಅರ್ಜಿ ಬರೆಯಬಲ್ಲ ಸಿಬ್ಬಂದಿ ಇರುವ ಊರಿಗೆ ಮತ್ತೆ ಮತ್ತೆ ಹಣ, ಬರೆಯುವವರೇ ಇಲ್ಲದ ಊರಿಗೆ ಶೂನ್ಯ, ಎಂಬ ಅನ್ಯಾಯ ಸ್ಪರ್ಧೆಯ ಮೇಲೆ ನಿಂತ ಎಲ್ಲ ಅನುದಾನಗಳಲ್ಲೂ ಇದೆ. ಇಲ್ಲಿ ಅದರ ಬೆಲೆ ತೆರುವವರು ಸೆಲ್ಲಿನಲ್ಲಿ ಕೂತಿರುವ ರೋಗಿಗಳು.

ಹಣವನ್ನು ಎಲ್ಲಿ ಹಾಕಬೇಕೆಂದು ತೀರ್ಮಾನಿಸಲು ಕೌಂಟಿಗಳಿಗೆ ಒಂದು ನಕ್ಷೆ ಬಳಕೆಯಲ್ಲಿದೆ. ಮಾರ್ಕ್ ಮ್ಯುನೆಟ್ಜ್ ಮತ್ತು ಪೆಟ್ರೀಷಿಯಾ ಗ್ರಿಫಿನ್ 2006ರಲ್ಲಿ ಪ್ರಕಟಿಸಿದ ಆ ಮಾದರಿ ಬಂಧನದಿಂದ ಬಿಡುಗಡೆಯವರೆಗಿನ ದಾರಿಯನ್ನು ಐದು ಘಟ್ಟಗಳಾಗಿ ಬಿಡಿಸುತ್ತದೆ. ಪೊಲೀಸರ ಭೇಟಿ ಮೊದಲನೆಯದು, ಆಮೇಲೆ ಮೊದಲ ಬಂಧನ ಮತ್ತು ಜಾಮೀನಿನ ವಿಚಾರಣೆ, ಜೈಲು ಮತ್ತು ನ್ಯಾಯಾಲಯ, ಬಿಡುಗಡೆ, ಕೊನೆಗೆ ಪ್ರೊಬೇಷನ್ ಮತ್ತು ಪೆರೋಲ್. ಪೊಲೀಸರ ಸಂಪರ್ಕಕ್ಕೂ ಮುಂಚಿನ ತುರ್ತುಸೇವೆಯನ್ನು ಆಮೇಲೆ ಶೂನ್ಯ ಘಟ್ಟವೆಂದು ಸೇರಿಸಲಾಯಿತು. ಪ್ರತಿ ಘಟ್ಟದಲ್ಲೂ ರೋಗಿಯನ್ನು ಜೈಲಿನ ದಾರಿಯಿಂದ ಚಿಕಿತ್ಸೆಯ ಕಡೆಗೆ ತಿರುಗಿಸಲು ಒಂದು ಅವಕಾಶವಿದೆ. ಶೆರಿಫ್, ನ್ಯಾಯಾಧೀಶ, ವೈದ್ಯ, ಸಾರ್ವಜನಿಕ ವಕೀಲ, ಕಾಯಿಲೆಯಿಂದ ಚೇತರಿಸಿಕೊಂಡು ಬಂದವರು, ಇವರನ್ನೆಲ್ಲ ಒಂದೂವರೆ ಎರಡು ದಿನ ಕೂರಿಸಿ ಗೋಡೆಯ ಮೇಲೆ ಈ ನಕ್ಷೆ ಬರೆಸುವುದೇ ಎಷ್ಟೋ ಕೌಂಟಿಗಳಲ್ಲಿ ಯೋಜನಾ ಅನುದಾನದ ಮೊದಲ ಕೆಲಸ. ಯಾವ ಘಟ್ಟದಲ್ಲಿ ರೋಗಿ ಕೈತಪ್ಪಿ ಹೋಗುತ್ತಿದ್ದಾನೆಂದು ಅಲ್ಲಿ ಎಲ್ಲರಿಗೂ ಏಕಕಾಲಕ್ಕೆ ಕಾಣುತ್ತದೆ.

ಜೈಲಿನ ಬಾಗಿಲಲ್ಲಿ ನಡೆಯುವ ತಪಾಸಣೆ ಇದಕ್ಕೆ ಒಳ್ಳೆಯ ಉದಾಹರಣೆ. ಒಳಬಂದವನ ಬೆರಳಚ್ಚು ತೆಗೆದು, ಜೇಬಿನ ವಸ್ತು ಬರೆದುಕೊಂಡ ಮೇಲೆ ಜೈಲು ಸಿಬ್ಬಂದಿ ಒಂದು ಹಾಳೆ ಹಿಡಿದು ಎಂಟು ಪ್ರಶ್ನೆ ಕೇಳುತ್ತಾರೆ. ಮೂರು ನಿಮಿಷದ ಕೆಲಸ, ಕೇಳುವವರು ವೈದ್ಯರಾಗಿರಬೇಕಿಲ್ಲ. ತಲೆಯೊಳಗೆ ಬೇರೆ ಯಾರೋ ವಿಚಾರ ತುರುಕುತ್ತಿದ್ದಾರೆ ಅನಿಸುತ್ತದೆಯೇ, ಮನಸ್ಸಿನಲ್ಲಿದ್ದದ್ದು ಇತರರಿಗೆ ಗೊತ್ತಾಗುತ್ತದೆ ಅನಿಸುತ್ತದೆಯೇ, ಪ್ರಯತ್ನವಿಲ್ಲದೆ ತೂಕ ಏರುಪೇರಾಗಿದೆಯೇ, ಮನೆಯವರು ಎಂದಿಗಿಂತ ಚುರುಕಾಗಿದ್ದೀಯೆ ಎಂದರೇ, ಇಂಥ ಆರು ಪ್ರಶ್ನೆ ಈಗಿನ ಸ್ಥಿತಿಯ ಕುರಿತು. ಇನ್ನೆರಡು, ಹಿಂದೆ ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರಿದ್ದುಂಟೇ, ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂಬುವು. ಮೊದಲ ಆರರಲ್ಲಿ ಎರಡಕ್ಕೆ, ಇಲ್ಲವೇ ಕೊನೆಯ ಎರಡರಲ್ಲಿ ಒಂದಕ್ಕೆ ಹೌದೆಂದರೆ ಚಿಕಿತ್ಸಕರ ಬಳಿ ಕಳಿಸಬೇಕು. ಈ ತಪಾಸಣೆ ಗಂಡಸರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಹೆಂಗಸರಲ್ಲಿ ಅಷ್ಟಿಲ್ಲ. ಕಾಯಿಲೆಯಿರುವ ಹಲವರು ಅದರ ಕಣ್ತಪ್ಪಿಸಿ ಒಳಹೋಗುತ್ತಾರೆ. ಕಳಿಸಬೇಕಾದ ಚಿಕಿತ್ಸಕರೇ ಇಲ್ಲದಿದ್ದರೆ ಆ ಹಾಳೆ ಕಡತದಲ್ಲಿ ಕೂರುತ್ತದೆ, ರೋಗಿ ಸೆಲ್ಲಿನಲ್ಲಿ ಕೂರುತ್ತಾನೆ. ಅನುದಾನದಿಂದ ನೇಮಕವಾದ ಒಬ್ಬ ಚಿಕಿತ್ಸಕಿ ಜೈಲಿನೊಳಗೆ ಬಂದು ಕೂತಾಗ ಹಾಳೆಗೊಂದು ಅರ್ಥ ಬರುತ್ತದೆ.

ಪೊಲೀಸರ ಜೊತೆ ಮಾನಸಿಕ ಆರೋಗ್ಯ ಕಾರ್ಯಕರ್ತರನ್ನೂ ಒಂದೇ ಗಾಡಿಯಲ್ಲಿ ಕಳಿಸುವ ಜಂಟಿ ತಂಡಗಳಿಗೂ ಈ ಅನುದಾನ ಸಿಗುತ್ತದೆ. ಬೇರೆ ಊರಿನವರು ಬಂದು ನೋಡಿ ಕಲಿಯಲೆಂದು 2010ರಲ್ಲಿ ಆರು ಪೊಲೀಸ್ ಇಲಾಖೆಗಳನ್ನು ಮಾದರಿ ತಾಣಗಳೆಂದು ಆರಿಸಲಾಯಿತು: ಹ್ಯೂಸ್ಟನ್, ಲಾಸ್ ಏಂಜಲೀಸ್, ಮ್ಯಾಡಿಸನ್, ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್, ಸಾಲ್ಟ್ ಲೇಕ್ ಸಿಟಿ ಮತ್ತು ಫ್ಲಾರಿಡಾ ವಿಶ್ವವಿದ್ಯಾಲಯದ ಪೊಲೀಸ್ ಇಲಾಖೆ. ಮಹಾನಗರ, ಸಣ್ಣ ಊರು, ವಿಶ್ವವಿದ್ಯಾಲಯದ ಆವರಣ ಮೂರೂ ಅದರಲ್ಲಿದ್ದುದರಿಂದ ಬಂದವರಿಗೆ ತಮ್ಮ ಊರಿಗೆ ಒಗ್ಗುವಂಥದ್ದು ಒಂದಾದರೂ ಸಿಕ್ಕಿತು.

ಎರಡು ಇಲಾಖೆಗಳು ಕೂಡಿದಾಗ ಏಳುವ ಅತಿ ಕಷ್ಟದ ಪ್ರಶ್ನೆ ಗೋಪ್ಯತೆಯದು. ಆಗಾಗ ಬಂಧನವಾಗುವವರ ಪಟ್ಟಿ ಶೆರಿಫನಲ್ಲಿದೆ, ಚಿಕಿತ್ಸೆ ಬಿಟ್ಟವರ ಪಟ್ಟಿ ಚಿಕಿತ್ಸಾಲಯದಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾರಿಗೆ ಮೊದಲು ನೆರವು ಬೇಕೆಂದು ಗೊತ್ತಾಗುತ್ತದೆ. ಆದರೆ ರೋಗಿಯ ಗುಟ್ಟು ಪೊಲೀಸರ ಕೈಸೇರಿದರೆ ನಾಳೆ ಅದೇ ಅವನ ವಿರುದ್ಧ ಸಾಕ್ಷ್ಯವಾಗಬಹುದೆಂಬ ಭಯ ಸುಳ್ಳಲ್ಲ. 1996ರ ಆರೋಗ್ಯ ಮಾಹಿತಿ ಕಾಯ್ದೆ ಹಿಪ್ಪಾ, ಮಾದಕವ್ಯಸನ ಚಿಕಿತ್ಸೆಯ ದಾಖಲೆಗಳಿಗಿರುವ ಇನ್ನೂ ಬಿಗಿಯಾದ ನಿಯಮಗಳು, ಇವೆರಡರ ಒಳಗೇ ಇಲಾಖೆಗಳು ದಾರಿ ಮಾಡಿಕೊಳ್ಳಬೇಕು. ರೋಗಿಯ ಒಪ್ಪಿಗೆ ಪತ್ರ, ಯಾವ ಮಾಹಿತಿ ಯಾರಿಗೆ ಎಂಬ ಲಿಖಿತ ಒಪ್ಪಂದ, ಚಿಕಿತ್ಸೆಯ ವಿವರ ಬಿಟ್ಟು ಬರೀ ಹೆಸರು ಹೊಂದಿಸುವ ಪದ್ಧತಿ, ಇವು ವರ್ಷಗಟ್ಟಲೆ ಚರ್ಚೆಯಿಂದ ಹುಟ್ಟಿದವು. ವಕೀಲರ ಮೇಜಿನ ಮೇಲೆ ಆರು ತಿಂಗಳು ಕೂತ ಒಪ್ಪಂದ ಪತ್ರ ಅನುದಾನದ ಅವಧಿಯನ್ನೇ ತಿಂದುಹಾಕುವುದೂ ಉಂಟು.

ಯಾರು ಈ ನೆರವಿಗೆ ಅರ್ಹರು ಎಂಬುದೂ ಕಾಲಕ್ರಮದಲ್ಲಿ ಬದಲಾಯಿತು. 2004ರ ಕಾಯ್ದೆ ಹಿಂಸೆಯಿಲ್ಲದ ಅಪರಾಧಗಳ ಆರೋಪಿಗಳಿಗೆ ಮಾತ್ರ ಬಾಗಿಲು ತೆರೆದಿತ್ತು. ಭ್ರಮೆಯ ಉನ್ಮಾದದಲ್ಲಿ ಪೊಲೀಸನನ್ನು ತಳ್ಳಿದವನ ಮೇಲೂ ಹಲ್ಲೆಯ ಆರೋಪ ಬೀಳುವುದರಿಂದ, ಹೆಚ್ಚು ಕಾಯಿಲೆಯಿದ್ದವರೇ ಹೊರಗುಳಿಯುತ್ತಿದ್ದರು. ಕಾಯ್ದೆ 2008ರಲ್ಲಿ ಒಮ್ಮೆ ನವೀಕರಣವಾಯಿತು. ಬರಾಕ್ ಒಬಾಮ 2016ರ ಡಿಸೆಂಬರ್‌ನಲ್ಲಿ ಸಹಿ ಹಾಕಿದ '21ನೇ ಶತಮಾನದ ಚಿಕಿತ್ಸೆಗಳ ಕಾಯ್ದೆ' ಈ ವ್ಯಾಖ್ಯೆಯನ್ನು ಹಿಗ್ಗಿಸಿತು. ಕೊಲೆ ಮತ್ತು ಲೈಂಗಿಕ ಅಪರಾಧಗಳನ್ನು ಹೊರಗಿಟ್ಟು, ಉಳಿದ ಪ್ರಕರಣಗಳಲ್ಲಿ ಆಯಾ ಮನುಷ್ಯನನ್ನು ನೋಡಿ ತೀರ್ಮಾನಿಸಲು ಅವಕಾಶವಾಯಿತು.

ಹಣದ ಒಟ್ಟು ಮೊತ್ತ ಮಾತ್ರ ಸಂಕಟ ಹುಟ್ಟಿಸುವಷ್ಟು ಸಣ್ಣದು. ಕಾಯ್ದೆ ವರ್ಷಕ್ಕೆ 5 ಕೋಟಿ ಡಾಲರ್‌ವರೆಗೆ ಅನುಮತಿಸಿತ್ತು. ಸಂಸತ್ತು 2006ರಲ್ಲಿ ನಿಜವಾಗಿ ಬಿಡುಗಡೆ ಮಾಡಿದ್ದು 50 ಲಕ್ಷ ಮಾತ್ರ. ವರ್ಷಗಳು ಕಳೆದಂತೆ ಅದು ಏರಿ, 2023ರ ಹೊತ್ತಿಗೆ 4 ಕೋಟಿ ದಾಟಿತು. ಅಮೆರಿಕದಲ್ಲಿ ಕೌಂಟಿಗಳು ಮೂರು ಸಾವಿರಕ್ಕೂ ಹೆಚ್ಚು. ಸಮನಾಗಿ ಹಂಚಿದರೆ ಒಂದೊಂದಕ್ಕೆ ಸುಮಾರು 13 ಸಾವಿರ ಡಾಲರ್, ಒಬ್ಬ ಕೇಸ್ ಮ್ಯಾನೇಜರ್‌ನ ಒಂದು ವರ್ಷದ ಸಂಬಳಕ್ಕೂ ಸಾಲದು. ಹೀಗಾಗಿ ಇದು ದೇಶದ ಚಿಕಿತ್ಸೆಯ ಖರ್ಚನ್ನು ಹೊರುವ ಹಣವಲ್ಲ, ಹೆಪ್ಪು ಹಾಕುವ ಒಂದು ಚಮಚ ಮಜ್ಜಿಗೆ. ಹಾಲು ಕೌಂಟಿಯೇ ತರಬೇಕು.

ಫಲಿತಾಂಶದ ವಿಷಯದಲ್ಲಿ ಸಂಶೋಧಕರ ಮಾತು ಎಚ್ಚರದ್ದು. ಮಾನಸಿಕ ಆರೋಗ್ಯ ನ್ಯಾಯಾಲಯಗಳ ಮೂಲಕ ಬಂದವರು ಮತ್ತೆ ಬಂಧನವಾಗುವ ಪ್ರಮಾಣ ಇಳಿದದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಇಳಿಕೆ ಸಾಧಾರಣ ಮಟ್ಟದ್ದು. ಪೊಲೀಸ್ ತರಬೇತಿಯಿಂದ ಅವರ ತಿಳಿವಳಿಕೆ, ಮನೋಭಾವ ಸುಧಾರಿಸುವುದು ಖಚಿತ. ಬಂಧನ ಮತ್ತು ಬಲಪ್ರಯೋಗ ಕಡಿಮೆಯಾಗುವುದೇ ಎಂಬುದಕ್ಕೆ ಬೇರೆ ಬೇರೆ ಊರಿನಿಂದ ಬೇರೆ ಬೇರೆ ಉತ್ತರ ಬಂದಿದೆ. ಚಿಕಿತ್ಸೆಯೊಂದರಿಂದಲೇ ಅಪರಾಧ ನಿಲ್ಲುವುದಿಲ್ಲ. ಇರಲೊಂದು ಮನೆ, ಮಾಡಲೊಂದು ಕೆಲಸ, ಕುಡಿತದಿಂದ ಬಿಡುಗಡೆ ಜೊತೆಗೂಡಬೇಕು. ಇದನ್ನು ಒಪ್ಪಿಕೊಂಡ ಕೌಂಟಿಗಳಲ್ಲೇ ಒಳ್ಳೆಯ ಫಲ ಕಂಡಿದೆ. ಕೌಂಟಿಗಳ ರಾಷ್ಟ್ರೀಯ ಸಂಘ ಮತ್ತು ಮನೋವೈದ್ಯರ ಪ್ರತಿಷ್ಠಾನ ಮೊದಲಾದವರು 2015ರಲ್ಲಿ ಆರಂಭಿಸಿದ 'ಸ್ಟೆಪಿಂಗ್ ಅಪ್' ಅಭಿಯಾನ ಕೌಂಟಿಗಳಿಂದ ನಾಲ್ಕೇ ಅಂಕಿ ಕೇಳಿತು: ಕಾಯಿಲೆಯಿರುವ ಎಷ್ಟು ಮಂದಿ ಜೈಲಿಗೆ ಬಂದರು, ಎಷ್ಟು ದಿನ ಇದ್ದರು, ಎಷ್ಟು ಮಂದಿ ಚಿಕಿತ್ಸೆಗೆ ಸೇರಿದರು, ಎಷ್ಟು ಮಂದಿ ಮರಳಿ ಬಂದರು.

ಕರ್ನಾಟಕಕ್ಕೆ ಈ ಪ್ರಶ್ನೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಮಾತನಾಡಿಸಿ 2011ರಲ್ಲಿ ಪ್ರಕಟಿಸಿದ ವರದಿ, ವ್ಯಸನವನ್ನು ಬಿಟ್ಟು ಎಣಿಸಿದರೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮಾನಸಿಕ ಕಾಯಿಲೆ ಇದೆಯೆಂದು ತೋರಿಸಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಬೀದಿಯಲ್ಲಿ ಅಲೆಯುವ ರೋಗಿಯನ್ನು 24 ಗಂಟೆಗಳೊಳಗೆ ಆರೋಗ್ಯ ಸಂಸ್ಥೆಗೆ ಒಯ್ಯುವ ಹೊಣೆಯನ್ನು ಪೊಲೀಸರ ಮೇಲೆ ಹಾಕಿದೆ. ಪ್ರತಿ ರಾಜ್ಯದ ಒಂದು ಕಾರಾಗೃಹದಲ್ಲಾದರೂ ಮಾನಸಿಕ ಆರೋಗ್ಯ ಘಟಕ ಇರಬೇಕೆಂದಿದೆ. ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ ಬೆಳೆದು 1996ರಲ್ಲಿ ದೇಶದ ಯೋಜನೆಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಹಣ ಆರೋಗ್ಯ ಇಲಾಖೆಯ ಮೂಲಕ ಬರುತ್ತದೆ. ಕಾರಾಗೃಹ ಮತ್ತು ಪೊಲೀಸ್ ಗೃಹ ಇಲಾಖೆಗೆ ಸೇರಿದವು. ಎರಡು ಸಹಿ ಬೇಡುವ ಅನುದಾನ ಇಲ್ಲಿನ ಅಧಿಕಾರಿಗಳೂ ತಿಳಿಯಬೇಕಾದ ಮಾದರಿ.

ಅನುದಾನ ಮುಗಿದ ಮೇಲೆ ಏನೆಂಬ ಪ್ರಶ್ನೆಗೆ ಅಮೆರಿಕದ ಊರುಗಳು ಕಂಡುಕೊಂಡ ಉತ್ತರಗಳು ಒಂದೇ ಬಗೆಯವಲ್ಲ. ಕ್ಯಾಲಿಫೋರ್ನಿಯಾದ ಮತದಾರರು, ಕೇಂದ್ರದ ಕಾಯ್ದೆ ಬಂದ ಮರುತಿಂಗಳೇ, 10 ಲಕ್ಷ ಡಾಲರ್ ಮೀರಿದ ವರಮಾನದ ಮೇಲೆ ಶೇ 1ರಷ್ಟು ತೆರಿಗೆ ಹಾಕಿ ಅದನ್ನು ಮಾನಸಿಕ ಆರೋಗ್ಯಕ್ಕೆ ಮೀಸಲಿಟ್ಟರು. ಸಿಯಾಟಲ್ ಇರುವ ಕಿಂಗ್ ಕೌಂಟಿ 2008ರಿಂದ ಮಾರಾಟ ತೆರಿಗೆಗೆ ಶೇ 0.1 ಸೇರಿಸಿ ಅದರಿಂದ ಮನೋರೋಗ ಮತ್ತು ವ್ಯಸನದ ಸೇವೆಗಳನ್ನು ನಡೆಸುತ್ತಿದೆ. ಡೆನ್ವರ್ ನಗರದ ಜನ 2018ರಲ್ಲಿ ನೂರು ಡಾಲರ್ ಖರೀದಿಗೆ 25 ಸೆಂಟ್ ಹೆಚ್ಚು ಕೊಡಲು ಒಪ್ಪಿದರು. ಆ ನಿಧಿಯ ನೆರವಿನಿಂದ 2020ರ ಜೂನ್‌ನಲ್ಲಿ ಪೊಲೀಸರಿಲ್ಲದೆ ಚಿಕಿತ್ಸಕ ಮತ್ತು ವೈದ್ಯಕೀಯ ಸಹಾಯಕ ಮಾತ್ರ ಹೋಗುವ ವ್ಯಾನು ರಸ್ತೆಗಿಳಿಯಿತು. ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ಇದೆ. ಆರೆಗನ್ ರಾಜ್ಯದ ಯೂಜೀನ್‌ನಲ್ಲಿ 1989ರಿಂದ ನಡೆದು ದೇಶಕ್ಕೇ ಮಾದರಿಯೆನಿಸಿದ್ದ ಇಂಥದೇ 'ಕಹೂಟ್ಸ್' ತಂಡ, ನಡೆಸುವ ಸಂಸ್ಥೆಯ ಹಣಕಾಸಿನ ಕಷ್ಟದಿಂದಾಗಿ 2025ರ ಏಪ್ರಿಲ್‌ನಲ್ಲಿ ಆ ಊರಿನ ಸೇವೆ ನಿಲ್ಲಿಸಿತು. ಅದೇ ತಿಂಗಳು ನ್ಯಾಯ ಇಲಾಖೆ ಸ್ಥಳೀಯ ಸುರಕ್ಷತೆಗೆ ಸಂಬಂಧಿಸಿದ ತನ್ನ ನೂರಾರು ಅನುದಾನಗಳನ್ನು ಅವಧಿಗೆ ಮುಂಚೆಯೇ ರದ್ದುಪಡಿಸಿತು.

ಹೆಚ್ಚು ದೂರ ಹೋಗಬಹುದಾದ ಬದಲಾವಣೆ ಮೆಡಿಕೇಡ್‌ನಲ್ಲಿ ಆಗುತ್ತಿದೆ. ಬಿಡುಗಡೆಗೆ ಮುಂಚಿನ 90 ದಿನಗಳವರೆಗೆ ಕೈದಿಗಳ ಆಯ್ದ ಸೇವೆಗಳಿಗೆ ಮೆಡಿಕೇಡ್ ಹಣ ಬಳಸಲು 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮೊದಲ ಅನುಮತಿ ಸಿಕ್ಕಿತು, ಆಮೇಲೆ ಬೇರೆ ರಾಜ್ಯಗಳೂ ಪಡೆದವು. ಜೈಲಿನೊಳಗೇ ಕೇಸ್ ಮ್ಯಾನೇಜರ್ ಬಂದು ಕಾಣುವುದು, ಹೊರಗಿನ ವೈದ್ಯರ ಭೇಟಿ ಗೊತ್ತುಪಡಿಸುವುದು, ಹೊರಡುವಾಗ ಔಷಧವನ್ನು ಕೈಗೆ ಕೊಟ್ಟು ಕಳಿಸುವುದು ಇದರಲ್ಲಿ ಸೇರಿವೆ. ಹಲವು ಕೌಂಟಿಗಳು ಇದೇ ಕೆಲಸಗಳನ್ನು ಜಂಟಿ ಅನುದಾನದ ಹಣದಿಂದ ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿದ್ದವು. ಆ ಕೌಂಟಿಗಳಲ್ಲಿ ಜೈಲು ಸಿಬ್ಬಂದಿಗೂ ಚಿಕಿತ್ಸಾಲಯದವರಿಗೂ ಪರಸ್ಪರ ಪರಿಚಯವಿದೆ, ಮಾಹಿತಿಯ ಒಪ್ಪಂದ ಪತ್ರ ತಯಾರಿದೆ, ಬಾಗಿಲಲ್ಲಿ ಕೇಳುವ ಎಂಟು ಪ್ರಶ್ನೆಗಳು ರೂಢಿಯಾಗಿವೆ. ಉಳಿದ ಕೌಂಟಿಗಳು ಇವನ್ನೆಲ್ಲ ಮೊದಲಿನಿಂದ ಶುರುಮಾಡಬೇಕಾಗಿದೆ.